ಎಲೆ ಉದುರಿದ ಗಿಡ ಸತ್ತಿಲ್ಲ

ಡಿಸೆಂಬರ್ ತಿಂಗಳ ಒಂದು ಬೆಳಿಗ್ಗೆ ನೀವು ಅಂಗಳಕ್ಕೆ ಬರುತ್ತೀರಿ. ಮಳೆಗಾಲದಲ್ಲಿ ಹಸಿರಾಗಿ ತೂಗುತ್ತಿದ್ದ ಆರ್ಕಿಡ್ ಗಿಡದಲ್ಲಿ ಒಂದು ಎಲೆಯೂ ಉಳಿದಿಲ್ಲ. ಒಣ ಕಡ್ಡಿಗಳ ಕಟ್ಟಿನಂತೆ ಕಾಣುತ್ತದೆ. ಆಗ ನೀವೇನು ಮಾಡುತ್ತೀರಿ? ನಮ್ಮಲ್ಲಿ ಹೆಚ್ಚಿನವರು ಎರಡರಲ್ಲೊಂದನ್ನು ಮಾಡುತ್ತಾರೆ. ಸತ್ತಿತೆಂದು ಕಿತ್ತು ತಿಪ್ಪೆಗೆ ಎಸೆಯುತ್ತಾರೆ. ಇಲ್ಲವೇ ಬದುಕಿಸಬೇಕೆಂದು ದಿನಾ ಚೊಂಬುಗಟ್ಟಲೆ ನೀರು ಸುರಿಯುತ್ತಾರೆ. ಮೊದಲನೆಯದು ಅವಸರ, ಎರಡನೆಯದು ಪ್ರೀತಿ. ಗಿಡದ ಪಾಲಿಗೆ ಎರಡರ ಫಲವೂ ಒಂದೇ.

ನಾನು ಮಾಡಿದ್ದು ಎರಡನೆಯದನ್ನು. ಪಿರಿಯಾಪಟ್ಟಣದ ಕಡೆಯ ನಮ್ಮ ಅಮ್ಮಿಯ ತವರಿನಲ್ಲಿ ಗಾಳಿ ಮಳೆಗೆ ಹಲಸಿನ ಕೊಂಬೆಯೊಂದು ಮುರಿದು ಬಿದ್ದಿತ್ತು. ಅದರ ಮೇಲೆ ಬೆಳೆದಿದ್ದ ಆರ್ಕಿಡ್ಡನ್ನು ಅಮ್ಮಿ ತಂದು ಹುಣಸೂರಿನ ನಮ್ಮ ಹಿತ್ತಲಿನ ಮಾವಿನ ಮರಕ್ಕೆ ತೆಂಗಿನ ನಾರಿನಿಂದ ಕಟ್ಟಿದ್ದರು. ಪ್ರತಿ ವರ್ಷ ಚಳಿ ಮುಗಿಯುವಾಗ ಬರೀ ಕಡ್ಡಿಗಳ ಮೇಲೆ ಕೆನೆ ಬಣ್ಣದ ಸಣ್ಣ ಹೂಗಳು ಸಾಲಾಗಿ ಬಿಡುತ್ತಿದ್ದವು. ಅಮ್ಮಿ ಅದಕ್ಕೆ ನೀರು ಹಾಕಿದ್ದನ್ನು ನಾನು ನೋಡಿದ ನೆನಪಿಲ್ಲ. ಅವರು ತೀರಿಕೊಂಡ ಮೇಲೆ ಮನೆ ರಿಪೇರಿಗಾಗಿ ಆ ಮರ ಕಡಿಯಬೇಕಾಯಿತು. ಅಮ್ಮಿಯ ನೆನಪಿನ ಗಿಡವೆಂದು ನಾನು ಅದನ್ನು ಕುಂಡದಲ್ಲಿ ಮಣ್ಣು, ಗೊಬ್ಬರ ತುಂಬಿ ನೆಟ್ಟೆ. ಎಲೆ ಉದುರತೊಡಗಿದಾಗ ಗಾಬರಿಯಾಗಿ ಫಜರ್ ನಮಾಝಿನ ನಂತರ ದಿನವೂ ನೀರೆರೆದೆ. ಜನವರಿಯ ಹೊತ್ತಿಗೆ ಕಾಂಡಗಳು ಬುಡದಿಂದ ಕಪ್ಪಾಗಿ ಕೊಳೆತವು. ಉಳಿದದ್ದು ಮೂರೇ ಕಡ್ಡಿ.

ಅದು ನಿದ್ದೆಯೇ ಹೊರತು ಸಾವಲ್ಲ

ನಮ್ಮ ಪಶ್ಚಿಮ ಘಟ್ಟಗಳ ಡೆಂಡ್ರೋಬಿಯಂ ಜಾತಿಯ ಹಲವು ಆರ್ಕಿಡ್‌ಗಳು ಮರದ ತೊಗಟೆಯ ಮೇಲೆ ಬೆಳೆಯುತ್ತವೆ. ಬದನಿಕೆಯಂತೆ ಅವು ಮರದ ರಸ ಹೀರುವುದಿಲ್ಲ, ಕುಳಿತುಕೊಳ್ಳಲು ಜಾಗ ಮಾತ್ರ ಪಡೆಯುತ್ತವೆ. ಮಳೆ ನಿಂತ ಮೇಲೆ ತೊಗಟೆಯಲ್ಲಿ ನೀರಿರುವುದಿಲ್ಲ. ಎಲೆ ಇದ್ದರೆ ಅದರ ಮೂಲಕ ಇದ್ದ ನೀರೂ ಆವಿಯಾಗುತ್ತದೆ. ಆದ್ದರಿಂದ ಗಿಡ ಎಲೆಗಳನ್ನು ಉದುರಿಸಿ, ಮಳೆಗಾಲದಲ್ಲಿ ಕೂಡಿಟ್ಟ ನೀರನ್ನೂ ಆಹಾರವನ್ನೂ ದಪ್ಪ ಕಾಂಡದಲ್ಲಿ ಉಳಿಸಿಕೊಂಡು ಮಲಗುತ್ತದೆ. ಬೇರಿನ ಮೇಲಿರುವ ಬಿಳಿಯ, ಸ್ಪಂಜಿನಂತಹ ಹೊದಿಕೆ ಬೆಳಗಿನ ಇಬ್ಬನಿಯನ್ನು ಹೀರುತ್ತದೆ. ನಿದ್ದೆಯಲ್ಲಿರುವ ಗಿಡಕ್ಕೆ ಅಷ್ಟು ಸಾಕು. ಆ ಹೊತ್ತಿನಲ್ಲಿ ನಾವು ಸುರಿಯುವ ನೀರನ್ನು ಅದು ಕುಡಿಯಲಾರದು. ನೀರು ಬುಡದಲ್ಲೇ ನಿಂತು ಶಿಲೀಂಧ್ರಕ್ಕೆ ದಾರಿಯಾಗುತ್ತದೆ.

ಎಲ್ಲ ಆರ್ಕಿಡ್‌ಗಳೂ ಹೀಗಲ್ಲ. ಸೀತಾಳೆ ದಂಡೆಗೆ ವರ್ಷವಿಡೀ ಎಲೆ ಇರುತ್ತದೆ. ನರ್ಸರಿಗಳಲ್ಲಿ ಹೆಚ್ಚಾಗಿ ಸಿಗುವ, ಕಾಂಡದ ತುದಿಯಿಂದ ಉದ್ದನೆಯ ಹೂಗೊಂಚಲು ಬಿಡುವ ದಪ್ಪ ಎಲೆಯ ಡೆಂಡ್ರೋಬಿಯಂಗೂ ಇಷ್ಟು ಕಟ್ಟುನಿಟ್ಟಿನ ಒಣ ವಿಶ್ರಾಂತಿ ಬೇಡ. ಸಿಕ್ಕಿಂ ರಾಜ್ಯದ ಹೂವಾದ ಡೆಂಡ್ರೋಬಿಯಂ ನೊಬೈಲ್ ಗಿಡಕ್ಕೆ ನಮಗಿಂತ ಹೆಚ್ಚಿನ ಚಳಿ ಬೇಕು. ಚಳಿಗಾಲದಲ್ಲಿ ಅದಕ್ಕೆ ನೀರು, ಗೊಬ್ಬರ ಹಾಕಿದರೆ ಹೂವಿನ ಬದಲು ಗೆಣ್ಣುಗಳಲ್ಲಿ ಮರಿಗಿಡ ಬರುತ್ತದೆ. ನಿಮ್ಮಲ್ಲಿರುವುದು ಯಾವುದೆಂದು ಮೊದಲು ತಿಳಿದುಕೊಳ್ಳಿ.

ತಿಂಗಳಿಗೆ ತಕ್ಕ ಆರೈಕೆ

ಅಕ್ಟೋಬರ್ ಕೊನೆಯ ಸ್ವಾತಿ ಮಳೆಯ ಹೊತ್ತಿಗೆ ಗೊಬ್ಬರ ನಿಲ್ಲಿಸಿ, ನೀರು ಕಡಿಮೆ ಮಾಡುತ್ತಾ ಬನ್ನಿ. ನವೆಂಬರ್‌ನಲ್ಲಿ ಎಲೆ ಹಳದಿಯಾದರೆ ಹೆದರಬೇಡಿ, ಅದಾಗಿ ಉದುರಲಿ. ಡಿಸೆಂಬರ್, ಜನವರಿಯಲ್ಲಿ ನೀರು ಸುರಿಯಲೇಬೇಡಿ. ಇಬ್ಬನಿ ಬೀಳುವ, ಗಾಳಿಯಾಡುವ, ಬೆಳಗಿನ ಬಿಸಿಲು ತಾಗುವ ಜಾಗದಲ್ಲಿ ತೂಗುಹಾಕಿ. ಕಾಂಡದಲ್ಲಿ ಸ್ವಲ್ಪ ಸುಕ್ಕು ಕಂಡರೆ ಪರವಾಗಿಲ್ಲ. ತೀರಾ ಮುದುಡಿದರೆ ಎಂಟು ಹತ್ತು ದಿನಕ್ಕೊಮ್ಮೆ ಬೆಳಿಗ್ಗೆ ಹೊತ್ತು ಬೇರಿಗೆ ತುಂತುರು ನೀರು ಚಿಮುಕಿಸಿ. ಸಂಜೆಯೊಳಗೆ ಅದು ಒಣಗಬೇಕು.

ಊರಿಗೆ ತಕ್ಕಂತೆ ಇದರಲ್ಲಿ ಹೆಚ್ಚು ಕಡಿಮೆ ಆಗುತ್ತದೆ. ಕೆ.ಆರ್. ನಗರದ ಕಾಲುವೆ, ಗದ್ದೆ ಬಯಲಿನಲ್ಲಿ ಬೆಳಗಿನ ಮಂಜು ದಟ್ಟವಾಗಿರುತ್ತದೆ. ಅಲ್ಲಿ ಚಿಮುಕಿಸುವ ಕೆಲಸವೂ ಹೆಚ್ಚು ಬೀಳದು. ಹುಣಸೂರು, ಪಿರಿಯಾಪಟ್ಟಣದ ತಂಬಾಕು ಬೆಳೆಗಾರರ ಮನೆಯವರು ಗಿಡವನ್ನು ಬ್ಯಾರನ್ನಿನ ಗೋಡೆಯ ಬಳಿ ಕಟ್ಟಬೇಡಿ. ಆ ಬಿಸಿಗೆ ಕಾಂಡದಲ್ಲಿ ಉಳಿದ ನೀರೂ ಆರಿಹೋಗುತ್ತದೆ.

ಗಿಡ ಬದುಕಿದೆಯೇ ಎಂಬ ಅನುಮಾನ ಬಂದರೆ ಕಾಂಡವನ್ನು ಮೆಲ್ಲಗೆ ಒತ್ತಿ ನೋಡಿ. ಗಟ್ಟಿಯಾಗಿದ್ದರೆ ಜೀವವಿದೆ. ಮೆತ್ತಗಾಗಿ ವಾಸನೆ ಬಂದರೆ ಕೊಳೆತಿದೆ. ಕೊಳೆತ ಭಾಗವನ್ನು ಶುಚಿಯಾದ ಚಾಕುವಿನಿಂದ ಕತ್ತರಿಸಿ, ಗಾಯಕ್ಕೆ ಮಾತ್ರ ದಾಲ್ಚಿನ್ನಿ ಪುಡಿ ಹಚ್ಚಿ. ಎಲೆಯಿಲ್ಲದ ಹಳೆಯ ಕಾಂಡಗಳನ್ನು ಚೆಂದಕ್ಕೆಂದು ಕತ್ತರಿಸಬೇಡಿ. ಹೊಸ ಚಿಗುರಿಗೆ ಊಟ ಹಾಕುವುದು ಅವೇ.

ಗೆಣ್ಣುಗಳಲ್ಲಿ ಮೊಗ್ಗು ಕಂಡ ಕೂಡಲೇ ಸಂತೋಷದಿಂದ ನೀರು ಸುರಿಯುವುದೂ ತಪ್ಪು. ಹೂ ಮುಗಿದು, ಬುಡದಲ್ಲಿ ಹೊಸ ಚಿಗುರು ಬೆರಳುದ್ದ ಬೆಳೆದು, ಅದರ ಬೇರಿನ ಹಸಿರು ತುದಿ ಕಂಡ ಮೇಲೆ ನೀರು ಶುರು ಮಾಡಿ. ನಮ್ಮ ಕಡೆ ಬೇಸಿಗೆಯ ಮೊದಲ ಮಳೆಗಳು ಬೀಳುವುದೂ ಹೆಚ್ಚು ಕಡಿಮೆ ಅದೇ ಹೊತ್ತಿಗೆ. ಕುಂಡದಲ್ಲಿ ಬೆಳೆಸುವುದಾದರೆ ಮಣ್ಣು ಬೇಡ. ಇದ್ದಿಲು, ಹೆಂಚಿನ ಚೂರು, ನೀರಿನಲ್ಲಿ ನೆನೆಸಿ ತೊಳೆದ ತೆಂಗಿನ ಸಿಪ್ಪೆಯ ತುಂಡು ಸಾಕು.

ಕಾಡಿನದು ಕಾಡಿಗೇ ಇರಲಿ

ಇದನ್ನು ಓದಿ ಯಾರೂ ಗಿಡ ಹುಡುಕಿಕೊಂಡು ಕಾಡಿಗೆ ಹೋಗಬಾರದು. ಎಚ್.ಡಿ. ಕೋಟೆ, ಹುಣಸೂರಿನವರ ಮನೆ ಬಾಗಿಲಲ್ಲೇ ನಾಗರಹೊಳೆ ಇದೆ. ರಾಷ್ಟ್ರೀಯ ಉದ್ಯಾನದಿಂದ ಗಿಡ ಕೀಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಕಿತ್ತು ತಂದದ್ದನ್ನು ಯಾರಾದರೂ ರಸ್ತೆ ಬದಿಯಲ್ಲಿ ಅಗ್ಗಕ್ಕೆ ಕೊಟ್ಟರೂ ಕೊಳ್ಳಬೇಡಿ. ನಮಗೆ ಹಕ್ಕಿಲ್ಲದ್ದನ್ನು ತಂದು ಅಂಗಳ ಸಿಂಗರಿಸಿದರೆ ಅದರಲ್ಲಿ ಬರಕತ್ ಎಲ್ಲಿಂದ ಬಂದೀತು? ಸೃಷ್ಟಿ ನಮ್ಮ ಕೈಯಲ್ಲಿರುವ ಅಮಾನತ್. ನರ್ಸರಿಯಲ್ಲಿ ಬೆಳೆಸಿದ ಗಿಡ ಕೊಳ್ಳಿ. ಬೆಳೆಸಿದವರ ಮನೆಯಿಂದ ಒಂದು ಪಾಲು ಕೇಳಿ ಪಡೆಯಿರಿ.

ಸತ್ತಂತೆ ಬಿದ್ದ ನೆಲಕ್ಕೆ ಮಳೆಯ ಮೂಲಕ ಜೀವ ಬರುವುದನ್ನು ಪವಿತ್ರ ಕುರ್‌ಆನ್ ಹಲವು ಕಡೆ ದೃಷ್ಟಾಂತವಾಗಿ ಮುಂದಿಡುತ್ತದೆ. ಮಕ್ಕಳಿಗೆ ಅದನ್ನು ಎಷ್ಟೋ ಸಲ ವಿವರಿಸಿದ್ದೇನೆ. ನನ್ನದೇ ಅಂಗಳದಲ್ಲಿ ಮಾತ್ರ ಮಳೆಯವರೆಗೆ ಕಾಯುವ ತಾಳ್ಮೆ ನನಗಿರಲಿಲ್ಲ. ಅಮ್ಮಿ ನೀರು ಹಾಕದೆ ಇದ್ದದ್ದು ಅಲಕ್ಷ್ಯವಲ್ಲ, ತಿಳಿವಳಿಕೆ ಎಂಬುದು ಗಿಡ ಕೊಳೆತ ಮೇಲೆ ಅರ್ಥವಾಯಿತು. ಅವರಿದ್ದಾಗಲೇ ಒಂದು ಮಾತು ಕೇಳಿದ್ದರೆ ಸಾಕಿತ್ತು. ನಿಮ್ಮ ಮನೆಯ ಹಿರಿಯರಿಗೆ ಇಂತಹ ಎಷ್ಟು ವಿಷಯ ಗೊತ್ತಿದೆಯೋ, ಇಂದೇ ಕೇಳಿಟ್ಟುಕೊಳ್ಳಿ.

ಉಳಿದ ಆ ಮೂರು ಕಡ್ಡಿಗಳನ್ನು ಸೀಬೆ ಮರದ ಕೊಂಬೆಗೆ ತೆಂಗಿನ ನಾರಿನಿಂದ ಕಟ್ಟಿದೆ. ಮೊದಲ ವರ್ಷ ಒಂದೇ ಚಿಗುರು ಬಂತು, ಹೂ ಬಿಡಲಿಲ್ಲ. ಎರಡನೆಯ ಚಳಿಗಾಲದಲ್ಲಿ ನೀರಿನ ಚೊಂಬು ಮುಟ್ಟದೆ ಕಾದೆ. ಫೆಬ್ರವರಿಯಲ್ಲಿ ಬರೀ ಕಡ್ಡಿಯ ಮೇಲೆ ಐದು ಹೂ ಅರಳಿದವು. ಅಲ್‌ಹಮ್ದುಲಿಲ್ಲಾಹ್.