ರೇಡಿಯೋದಲ್ಲಿ ನಮ್ಮೂರ ಮಾತು

ಸಂಜೆಯ ಹೊತ್ತು. ಚಹಾ ಅಂಗಡಿಯ ಮುಂದೆ ನಾಲ್ಕು ಜನ ಕೂತಿದ್ದಾರೆ. ಒಳಗೆ ರೇಡಿಯೋ ಹಾಡುತ್ತಿದೆ. ಹಾಡು ಮುಗಿಯಿತು. ಈಗ ಮಾತು. ಯಾರ ಮಾತು? ಮಂತ್ರಿಗಳದ್ದಲ್ಲ. ಸಿನಿಮಾ ನಟರದ್ದೂ ಅಲ್ಲ. ಒಬ್ಬ ಅಜ್ಜಿ ಮಾತಾಡುತ್ತಿದ್ದಾರೆ. ಹುರುಳಿಕಾಳು ಬಸ್ಸಾರು ಮಾಡುವುದು ಹೇಗೆ ಅಂತ ಹೇಳುತ್ತಿದ್ದಾರೆ.

"ಇದನ್ನ ಹೇಳೋಕೆ ರೇಡಿಯೋ ಬೇಕಾ? ನಮ್ಮವ್ವ ವಾರಕ್ಕೆರಡು ಸಲ ಮಾಡ್ತಾಳೆ" ಅಂತ ಒಬ್ಬ ನಗುತ್ತಾನೆ.

"ಸುಮ್ನಿರೋ, ಕೇಳೋಣ" ಅಂತ ಇನ್ನೊಬ್ಬರು ಗದರುತ್ತಾರೆ.

ನಕ್ಕವನ ಪ್ರಶ್ನೆಯನ್ನು ನಾವು ಬಿಡುವುದು ಬೇಡ. ರೇಡಿಯೋದಲ್ಲಿ ಸಾಹಿತಿಗಳನ್ನು ಕರೆದು ಮಾತಾಡಿಸುತ್ತಾರೆ. ಅದು ಸರಿ. ಅಡಿಗೆಯವರನ್ನು, ಸೂಲಗಿತ್ತಿಯನ್ನು, ಕುರಿ ಕಾಯುವವರನ್ನು ಕರೆದು ಯಾಕೆ ಮಾತಾಡಿಸಬೇಕು? ಅವರಿಗೆ ಗೊತ್ತಿರುವುದು ಊರಿಗೇ ಗೊತ್ತಲ್ಲವೆ?

ನಮಗೂ ಮೊದಲು ಹಾಗೇ ಅನ್ನಿಸಿತ್ತು. ಒಮ್ಮೆ ಒಂದು ಸಣ್ಣ ರೇಡಿಯೋ ಕೇಂದ್ರದ ಪರವಾಗಿ ಹಳ್ಳಿಗೆ ಹೋಗಿದ್ದೆವು. ಕೈಯಲ್ಲಿ ಮೈಕು, ಮಾತನ್ನು ಹಿಡಿದಿಡುವ ಯಂತ್ರ. ಅಲ್ಲಿ ಒಬ್ಬರು ಮದುವೆ ಮನೆಗಳಿಗೆ ಅಡಿಗೆ ಮಾಡುವವರು. ನಲವತ್ತು ವರ್ಷದಿಂದ ಅದೇ ಕೆಲಸ. ಅವರನ್ನು ಜಗಲಿಯ ಮೇಲೆ ಕೂರಿಸಿದೆವು. ಮೈಕು ಹಿಡಿದೆವು.

"ನೀವು ಅಡಿಗೆ ಚೆನ್ನಾಗಿ ಮಾಡ್ತೀರಂತೆ?"

"ಹೂಂ."

"ಮದುವೆಗೆಲ್ಲಾ ಮಾಡ್ತೀರಾ?"

"ಹೂಂ."

"ತುಂಬಾ ವರ್ಷ ಆಯ್ತೇನೋ?"

"ಹೂಂ, ಆಯ್ತು."

ಹತ್ತು ನಿಮಿಷ ಹೀಗೇ ನಡೆಯಿತು. ಆಮೇಲೆ ಯಂತ್ರ ಹಾಕಿ ಕೇಳಿದೆವು. ಬರೀ ನಮ್ಮ ಮಾತೇ! ಅವರದ್ದು ಎಂಟೋ ಹತ್ತೋ 'ಹೂಂ' ಇತ್ತು. ನಾಚಿಕೆಯಾಯಿತು. ತಪ್ಪು ಅವರದ್ದಲ್ಲ. 'ಹೂಂ' ಅಂದರೆ ಮುಗಿಯುವ ಪ್ರಶ್ನೆ ಕೇಳಿದವರು ನಾವು.

ಅವರೇ ಎದ್ದು, "ಒಳಗೆ ಬನ್ನಿ, ಒಂದು ಲೋಟ ಕಾಫಿ ಕುಡೀರಿ" ಅಂದರು. ಒಲೆ ಮುಂದೆ ಕೂತೆವು. ಯಂತ್ರ ನಿಲ್ಲಿಸಿರಲಿಲ್ಲ. ಅದು ಅವರಿಗೂ ಗೊತ್ತಿತ್ತು. ಕಾಫಿ ಕುಡಿಯುತ್ತಾ ಕೇಳಿದೆವು: "ಐನೂರು ಜನದ ಮದುವೆ ಅಂದ್ರೆ, ಹೋದ ತಕ್ಷಣ ಮೊದಲು ಏನು ನೋಡ್ತೀರಿ?"

"ನೀರು" ಅಂದರು.

ನಾವು ಅಕ್ಕಿ, ಬೇಳೆ, ಪಾತ್ರೆ ಅಂತಾರೆ ಅಂದುಕೊಂಡಿದ್ದೆವು. ಅವರು ಹೇಳಿದ್ದು ಹೀಗೆ: "ಮೊದಲು ಆ ಮನೆ ಬಾವಿ ನೀರು ಒಂದು ಬೊಗಸೆ ಕುಡೀತೀನಿ. ಗಡಸು ನೀರಾದ್ರೆ ತೊಗರಿಬೇಳೆ ಬೇಗ ಬೇಯಲ್ಲ. ಸೌದೆ ಜಾಸ್ತಿ ಬೇಕು. ಒಂದು ಗಂಟೆ ಮುಂಚೆ ಒಲೆ ಹಚ್ಚಬೇಕು. ನೀರು ನೋಡದೆ ಸೌದೆ ಲೆಕ್ಕ ಹೇಳಿದ್ರೆ, ಊಟದ ಹೊತ್ತಿಗೆ ಮರ್ಯಾದೆ ಹೋಗುತ್ತೆ."

ನೋಡಿ, ಇದು ಊರಿಗೆಲ್ಲ ಗೊತ್ತಿರುವ ವಿಷಯವೆ? ಅವರ ಮಗನಿಗೇ ಗೊತ್ತಿರಲಿಲ್ಲ. ಬಾಗಿಲಲ್ಲಿ ನಿಂತು ಕೇಳುತ್ತಿದ್ದ. "ಅಪ್ಪ, ಇದನ್ನ ನಂಗೆ ಯಾವತ್ತೂ ಹೇಳಿಲ್ವಲ್ಲ?" ಅಂದ. "ನೀನು ಯಾವತ್ತು ಕೇಳಿದ್ದೆ?" ಅಂದರು ಅಪ್ಪ.

ಹೀಗೆ ಒಬ್ಬರು ಕೇಳುತ್ತಾ, ಇನ್ನೊಬ್ಬರು ಹೇಳುತ್ತಾ ಹೋಗುವುದಕ್ಕೆ ರೇಡಿಯೋದವರು 'ಸಂದರ್ಶನ' ಅನ್ನುತ್ತಾರೆ. ದೊಡ್ಡ ಮಾತು. ನಾವು ಮಾತುಕತೆ ಅಂದರೆ ಸಾಕು. ರೇಡಿಯೋದ ಮಾತುಕತೆಯಲ್ಲಿ ಒಂದು ತೊಡಕಿದೆ. ಕೇಳುವವರಿಗೆ ಕಣ್ಣಿಗೆ ಏನೂ ಕಾಣುವುದಿಲ್ಲ. "ಉಪ್ಪು ಇಷ್ಟು ಹಾಕಬೇಕು" ಅಂತ ಕೈ ತೋರಿಸಿದರೆ ಯಾರಿಗೆ ತಿಳಿಯುತ್ತೆ? ಆಗ ಕೇಳುವವರು ಬಿಡಬಾರದು. "ಇಷ್ಟು ಅಂದ್ರೆ ಎಷ್ಟು? ಹಿಡಿಯಾ, ಬೊಗಸೆಯಾ, ಮೂರು ಬೆರಳ ಚಿಟಿಕೆಯಾ?" ಅಂತ ಕೇಳಬೇಕು. ಅಡಿಗೆಯವರಿಗೂ ಆಗಲೇ ತಮ್ಮ ಕೈಯ ಲೆಕ್ಕ ಬಾಯಿಗೆ ಬರುವುದು. ಒಗ್ಗರಣೆಯ ಸಿಡಿತ, ರಾಗಿ ಬೀಸುವ ಕಲ್ಲಿನ ಸದ್ದು, ಇವನ್ನೂ ಸೇರಿಸುತ್ತಾರೆ. ಕಣ್ಣಿನ ಕೆಲಸವನ್ನು ಕಿವಿ ಮಾಡಬೇಕಲ್ಲ!

ನಮ್ಮ ನಾಡಿನಲ್ಲಿ ರೇಡಿಯೋ ಹೇಗೆ ಬಂತು? ಆ ಕತೆಯೂ ಒಂದು ಮನೆಯಿಂದಲೇ ಶುರು. ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ ಅಂತ ಒಬ್ಬರು ಮೇಷ್ಟರಿದ್ದರು. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಹೇಳಿಕೊಡುತ್ತಿದ್ದರು. 1935ರಲ್ಲಿ ಅವರು ತಮ್ಮ ಮನೆಯಲ್ಲೇ ಸಣ್ಣ ಯಂತ್ರ ಇಟ್ಟು ರೇಡಿಯೋ ಪ್ರಸಾರ ಶುರು ಮಾಡಿದರು. ಆ ಮನೆಯ ರೇಡಿಯೋ ಹೆಸರು 'ಆಕಾಶವಾಣಿ'. ಇಡೀ ದೇಶದ ಸರ್ಕಾರಿ ರೇಡಿಯೋ ಮುಂದೆ ಇದೇ ಹೆಸರು ಇಟ್ಟುಕೊಂಡಿತು.

ಆಮೇಲೆ 1950ರಲ್ಲಿ ಧಾರವಾಡ ಕೇಂದ್ರ ಬಂತು. 1955ರಲ್ಲಿ ಬೆಂಗಳೂರು, 1965ರಲ್ಲಿ ಭದ್ರಾವತಿ, ಮರುವರ್ಷ ಕಲಬುರಗಿ, 1976ರಲ್ಲಿ ಮಂಗಳೂರು. ಧಾರವಾಡ ಕೇಂದ್ರಕ್ಕೆ ಕವಿ ದ.ರಾ. ಬೇಂದ್ರೆಯವರೇ ಸಾಹಿತ್ಯ ಸಲಹೆಗಾರರಾಗಿದ್ದರು. ಪುಸ್ತಕ ಓದಲು ಬಾರದವರೂ ಕವಿಗಳ ಮಾತನ್ನು ಅವರ ದನಿಯಲ್ಲೇ ಕೇಳುವಂತಾಯಿತು. ಇದು ಸಣ್ಣ ವಿಷಯವಲ್ಲ. ಪುಸ್ತಕಕ್ಕೆ ಅಕ್ಷರ ಬೇಕು. ರೇಡಿಯೋಗೆ ಕಿವಿ ಇದ್ದರೆ ಸಾಕು. ಭಾಷೆಯೂ ಒಂದೇ ಅಲ್ಲ. ಮಂಗಳೂರಿನಿಂದ ತುಳು, ಕೊಂಕಣಿ ಬರುತ್ತದೆ. ಮಡಿಕೇರಿಯಿಂದ ಕೊಡವ ಭಾಷೆ ಬರುತ್ತದೆ.

ಅಂಕೋಲೆಯ ಹತ್ತಿರ ಬಡಗೇರಿ ಅಂತ ಒಂದು ಊರು. ಅಲ್ಲಿ ಸುಕ್ರಿ ಬೊಮ್ಮಗೌಡ ಅಂತ ಒಬ್ಬ ಅಜ್ಜಿ ಇದ್ದರು. ಹಾಲಕ್ಕಿ ಒಕ್ಕಲಿಗರ ಹೆಣ್ಣುಮಗಳು. ಶಾಲೆಗೆ ಹೋದವರಲ್ಲ. ಆದರೆ ತಾಯಿಯಿಂದ ಕಲಿತ ಹಾಡುಗಳು ಬಾಯಲ್ಲಿ ತುಂಬಿದ್ದವು. ನಾಟಿ ಹಾಡು, ಮದುವೆ ಹಾಡು, ಒಂದೇ ಎರಡೇ! ಊರಲ್ಲಿ ಸಾರಾಯಿ ಬೇಡ ಅಂತ ಹೆಂಗಸರನ್ನು ಕಟ್ಟಿಕೊಂಡು ನಿಂತವರೂ ಇವರೇ. ಕಾರವಾರದ ಆಕಾಶವಾಣಿಯವರು ಸುಕ್ರಜ್ಜಿಯ ಹಾಡುಗಳನ್ನು ಧ್ವನಿಮುದ್ರಿಸಿ ಇಟ್ಟರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. 2025ರಲ್ಲಿ ಅವರು ತೀರಿಕೊಂಡರು. ಮುದ್ರಿಸಿ ಇಟ್ಟ ಹಾಡು ಉಳಿಯಿತು. ಆದರೆ ಯಾರೂ ಮುದ್ರಿಸದೇ ಇದ್ದ ಹಾಡು? ಅದು ಯಾವುದು ಅಂತ ಕೇಳಲೂ ಈಗ ಆಗುವುದಿಲ್ಲ.

ಆಕಾಶವಾಣಿ ದೊಡ್ಡ ರೇಡಿಯೋ. ಒಂದು ಕೇಂದ್ರ ಎಷ್ಟೋ ತಾಲೂಕುಗಳಿಗೆ ಮಾತಾಡಬೇಕು. ನಮ್ಮೂರಿನ ಸರದಿ ಯಾವಾಗಲೋ ಒಮ್ಮೆ. ಹಾಗಾದರೆ ಊರಿನದ್ದೇ ಒಂದು ರೇಡಿಯೋ ಇದ್ದರೆ? ಬಹಳ ಕಾಲ ಇದಕ್ಕೆ ಅವಕಾಶವೇ ಇರಲಿಲ್ಲ. ಗಾಳಿಯಲ್ಲಿ ಮಾತು ಬಿಡುವ ಹಕ್ಕು ಸರ್ಕಾರದ್ದು ಮಾತ್ರ ಅನ್ನುವ ಕಾಲ ಅದು.

ಅದು ಬದಲಾದದ್ದು, ನಂಬುತ್ತೀರೋ ಇಲ್ಲವೋ, ಒಂದು ಕ್ರಿಕೆಟ್ ಜಗಳದಿಂದ! ಆಟವನ್ನು ಟಿ.ವಿ.ಯಲ್ಲಿ ತೋರಿಸುವ ಹಕ್ಕು ಯಾರದ್ದು ಅಂತ ಬಂಗಾಳದ ಕ್ರಿಕೆಟ್ ಸಂಘಕ್ಕೂ ಸರ್ಕಾರಕ್ಕೂ ವ್ಯಾಜ್ಯ ಬಿತ್ತು. 1995ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಗಾಳಿಯ ಅಲೆಗಳು ಜನರ ಆಸ್ತಿ, ಜನರ ಒಳಿತಿಗೆ ಬಳಕೆಯಾಗಬೇಕು ಅಂತ ಹೇಳಿತು. ಗೋಮಾಳದ ಹಾಗೆ ಅನ್ನಿ. ಯಾರೊಬ್ಬರದ್ದೂ ಅಲ್ಲ, ಎಲ್ಲರದ್ದು.

ತೀರ್ಪು ಬಂದರೆ ಸಾಲದು, ಪರವಾನಗಿ ಬೇಕಲ್ಲ. ಅದಕ್ಕೆ ಇನ್ನೂ ಹನ್ನೊಂದು ವರ್ಷ ಹಿಡಿಯಿತು. ಜನ ಸುಮ್ಮನೆ ಕೂರಲಿಲ್ಲ. ಕೋಲಾರ ಜಿಲ್ಲೆಯ ಬೂದಿಕೋಟೆ ನೋಡಿ. ಹೈದರ್ ಅಲಿ ಹುಟ್ಟಿದ ಊರು. ಅಲ್ಲಿ ಸ್ವಸಹಾಯ ಸಂಘದ ಹೆಂಗಸರು ಮತ್ತು ಯುವಕರು ಸೇರಿ 'ನಮ್ಮ ಧ್ವನಿ' ಅಂತ ಶುರು ಮಾಡಿದರು. ಗಾಳಿಯಲ್ಲಿ ಬಿಡಲು ಅಪ್ಪಣೆ ಇಲ್ಲ. ಹಾಗಾದರೆ ತಂತಿಯಲ್ಲಿ ಬಿಡೋಣ ಅಂದರು! ಊರಿನ ಟಿ.ವಿ.ಗಳಿಗೆ ಎಳೆದಿದ್ದ ಕೇಬಲ್ಲಿನಲ್ಲೇ ತಮ್ಮ ಮಾತು ಹರಿಸಿದರು. ಇದು 2003ರ ಸುಮಾರಿನ ಮಾತು.

ನಮ್ಮ ಬೀದರ್ ಗಡಿಯ ಆಚೆ, ತೆಲಂಗಾಣದ ಜಹೀರಾಬಾದ್ ಹತ್ತಿರ ಇನ್ನೊಂದು ಕತೆ ಇದೆ. ಅಲ್ಲಿ ದಲಿತ ಹೆಂಗಸರ ಸಂಘಗಳಿವೆ. ಜೋಳ, ಸಜ್ಜೆ, ನವಣೆ ಬೆಳೆಯುವವರು. ಬೀಜವನ್ನು ಮಡಕೆ, ಬುಟ್ಟಿಗಳಲ್ಲಿ ಉಳಿಸಿಕೊಂಡು ಬಂದವರು. ಇವರಿಗೆ ಯಂತ್ರ, ಮೈಕು ಎಲ್ಲಾ ಮೊದಲೇ ಬಂತು. ಪರವಾನಗಿ ಮಾತ್ರ ಬರಲಿಲ್ಲ. ಅಷ್ಟು ವರ್ಷವೂ ಅವರು ಮಾತು, ಹಾಡು, ಅಡಿಗೆ ಎಲ್ಲವನ್ನೂ ಕ್ಯಾಸೆಟ್ಟಿನಲ್ಲಿ ಮುದ್ರಿಸಿದರು. ಸಂಘದ ಸಭೆಗಳಲ್ಲಿ ಹಾಕಿ ಕೇಳಿಸಿದರು. ಕೊನೆಗೆ 2008ರ ಅಕ್ಟೋಬರ್ 15ರಂದು ಮಾಚನೂರಿನಲ್ಲಿ 'ಸಂಘಂ ರೇಡಿಯೋ' ಗಾಳಿಗೆ ಬಂತು. ನಡೆಸಿದವರು ಇಬ್ಬರು ಹೆಣ್ಣುಮಕ್ಕಳು. ಇಬ್ಬರ ಹೆಸರೂ ನರಸಮ್ಮ! ಗುರುತಿಗೆ ಒಬ್ಬರನ್ನು ಜನರಲ್ ನರಸಮ್ಮ, ಇನ್ನೊಬ್ಬರನ್ನು ಆಲ್ಗೋಲೆ ನರಸಮ್ಮ ಅಂತಾರೆ. ಪಟ್ಟಣದವರು ಈಗ ಸಿರಿಧಾನ್ಯ ಅಂತ ದುಡ್ಡು ಕೊಟ್ಟು ಹುಡುಕುತ್ತಾರಲ್ಲ, ಅದರ ರೊಟ್ಟಿ, ಅಂಬಲಿ, ಬೀಜದ ಮಾತು ಇವರು ಅದಕ್ಕೂ ಮುಂಚೆಯೇ ಮಾತಾಡಿ ಮುಗಿಸಿದ್ದರು.

ಇಂಥ ರೇಡಿಯೋಗೆ 'ಸಮುದಾಯ ರೇಡಿಯೋ' ಅನ್ನುತ್ತಾರೆ. 2006ರಲ್ಲಿ ಸಂಘ ಸಂಸ್ಥೆಗಳಿಗೂ ಇದನ್ನು ನಡೆಸಲು ಸರ್ಕಾರ ಅಪ್ಪಣೆ ಕೊಟ್ಟಿತು. ಇದರ ಶಕ್ತಿ ಸಾಮಾನ್ಯವಾಗಿ 100 ವ್ಯಾಟ್. ಹಿಂದೆ ಮನೆಯಲ್ಲಿ ಹಾಕುತ್ತಿದ್ದ ದೊಡ್ಡ ಬಲ್ಬಿಗೂ ಅಷ್ಟೇ ಇತ್ತು. ಸುಮಾರು ಹತ್ತು ಹದಿನೈದು ಕಿಲೋಮೀಟರ್ ಕೇಳುತ್ತದೆ. ಕಾರ್ಯಕ್ರಮಗಳಲ್ಲಿ ಅರ್ಧದಷ್ಟಾದರೂ ಆ ಊರಿನ ಜನ ಸೇರಿ ಮಾಡಿದ್ದಾಗಿರಬೇಕು. ಅದು ನಿಯಮ. ಸ್ವಂತ ಸುದ್ದಿ ಪ್ರಸಾರ ಮಾಡುವ ಹಾಗಿಲ್ಲ. ಆಕಾಶವಾಣಿಯ ಸುದ್ದಿಯನ್ನು ಇದ್ದ ಹಾಗೇ ಹಾಕಬಹುದು. ಊರಿನ ರೇಡಿಯೋ ಊರಿನ ಸುದ್ದಿ ಹೇಳಬಾರದು ಅನ್ನುವುದು ನಮಗಂತೂ ಸರಿ ಕಾಣುವುದಿಲ್ಲ.

ಸಣ್ಣ ರೇಡಿಯೋದಲ್ಲಿ ಒಂದು ಕಷ್ಟವೂ ಇದೆ. ಕೇಳುವವರೆಲ್ಲ ನಿಮ್ಮನ್ನು ಬಲ್ಲವರೇ. ನಾವು ಹೇಳಿದ ಅಡಿಗೆಯವರು ಮಾತಿನ ನಡುವೆ ಒಂದು ಮನೆಯ ವಿಷಯ ಎತ್ತಿದರು. ಮಗಳ ಮದುವೆಗೆ ಮೂರು ದಿನ ದುಡಿಸಿಕೊಂಡು ಕೂಲಿ ಕೊಡಲಿಲ್ಲವಂತೆ. ಹೆಸರು ಹೇಳಲಿಲ್ಲ. ಆದರೂ ರಾತ್ರಿ ಅವರಿಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಮಗನ ಕೈಲಿ ಫೋನ್ ಮಾಡಿಸಿದರು. "ಅದೊಂದು ತೆಗೆದುಬಿಡಿ. ಯಾವ ಮನೆ ಅಂತ ಎಲ್ಲರಿಗೂ ತಿಳಿಯುತ್ತೆ. ನಾಳೆ ಅದೇ ಬೀದೀಲಿ ನಾನು ಓಡಾಡಬೇಕು."

ತೆಗೆದೆವು. ಮುದ್ರಿಸಿದ ಮಾತಿನಲ್ಲಿ ಬೇಡವಾದ್ದನ್ನು ಕತ್ತರಿಸಬಹುದು. ಕೇಳಿದರೆ ಕತ್ತರಿಸಲೇಬೇಕು. ಮಾತು ನಿಮ್ಮದು. ತೆಗೆಯುವಾಗ ನಮಗೆ ಬೇಜಾರಾಯಿತು, ಯಾಕೆಂದರೆ ಅದು ನಿಜವಾದ ಮಾತು. ಆದರೆ ಆ ಬೀದಿಯಲ್ಲಿ ನಡೆಯುವವರು ನಾವಲ್ಲ.

ನಿಮ್ಮನ್ನೂ ಯಾರಾದರೂ ರೇಡಿಯೋಗೆ ಕರೆದರೆ ಹೆದರಬೇಡಿ. ಪುಸ್ತಕದ ಭಾಷೆ ಬೇಡ. ಮನೆಯಲ್ಲಿ ಆಡುವ ಮಾತೇ ಸಾಕು. ಏನು ಕೇಳುತ್ತೀರಿ ಅಂತ ಮೊದಲೇ ವಿಚಾರಿಸಿ. ಆಕಾಶವಾಣಿಯವರು ಒಪ್ಪಂದದ ಕಾಗದ ಕೊಡುತ್ತಾರೆ. ಸಂಭಾವನೆ ಎಷ್ಟು, ಯಾವ ದಿನ ಅಂತ ಅದರಲ್ಲಿ ಬರೆದಿರುತ್ತೆ. ಓದಿ ನೋಡಿ, ಆಮೇಲೆ ಸಹಿ ಹಾಕಿ. ಸಹಿ ಕಲಿತಿದ್ದೀರಲ್ಲ! ಯಾರೂ ಕರೆಯದಿದ್ದರೆ ನೀವೇ ಒಂದು ಕಾರ್ಡು ಬರೆಯಿರಿ. 'ನಮ್ಮೂರಲ್ಲಿ ಇಂಥವರು ಇದ್ದಾರೆ, ಅವರಿಗೆ ಇಂಥದ್ದು ಗೊತ್ತು, ಬಂದು ಮಾತಾಡಿಸಿ' ಅಂತ ನಾಲ್ಕು ಸಾಲು. ಕೆಳಗೆ ಊರು, ತಾಲೂಕು, ಪಿನ್ ಕೋಡು ಮರೆಯಬೇಡಿ.

ಅಡಿಗೆಯವರ ಮಾತುಕತೆ ಒಂದು ಶುಕ್ರವಾರ ಸಂಜೆ ಪ್ರಸಾರವಾಯಿತು. ಹದಿನಾಲ್ಕು ನಿಮಿಷ. ನಾವೂ ಅವರ ಮನೆಯಲ್ಲೇ ಕೂತು ಕೇಳಿದೆವು. ಜಗಲಿ ತುಂಬಾ ಜನ. ಅವರು ಮಾತ್ರ ತಲೆ ತಗ್ಗಿಸಿ ಕೂತಿದ್ದರು. "ನನ್ನ ದನಿ ಹಿಂಗಿದೆಯಾ?" ಅಂತ ಒಮ್ಮೆ ಕೇಳಿದರು. ಬಾವಿ ನೀರಿನ ಮಾತು ಬಂದಾಗ ಪಕ್ಕದ ಮನೆಯವರು, "ಅದಕ್ಕೇ ನಮ್ಮನೆ ಬೇಳೆ ಬೇಯಲ್ಲ!" ಅಂತ ಕೂಗಿದರು.

ಎಲ್ಲಾ ಮುಗಿದ ಮೇಲೆ ಒಳಗಿನಿಂದ ಅವರ ಹೆಂಡತಿ ಬಂದರು.

"ಎಲ್ಲಾ ಹೇಳಿದ್ರಿ. ಆ ಐನೂರು ಜನಕ್ಕೆ ತೆಂಗಿನಕಾಯಿ ತುರಿದೋರು ಯಾರು ಅಂತ ಹೇಳ್ಲಿಲ್ವಲ್ಲ?"

ನಾವು ಯಂತ್ರವನ್ನು ಚೀಲದಿಂದ ಹೊರಗೆ ತೆಗೆದೆವು.