ಮರಗೆಣಸಿನ ಬೇಸಾಯ ಮತ್ತು ಮಣ್ಣಿನ ಅರಿವು

ಎಂಥ ಬಡ ನೆಲದಲ್ಲಿಯೂ ಬೆಳೆಯುವುದೆಂಬುದು ಮರಗೆಣಸಿಗೆ ಬಂದಿರುವ ಕೀರ್ತಿ. ನಮ್ಮ ಅಡಿಗೆಮನೆಯ ಸಬ್ಬಕ್ಕಿ ಬಹುಮಟ್ಟಿಗೆ ಈ ಗೆಡ್ಡೆಯ ಹಿಟ್ಟಿನಿಂದಲೇ ಆದದ್ದು. ಆದರೆ ಈ ಕೀರ್ತಿಯನ್ನು ನಂಬಿ ಮಣ್ಣನ್ನು ಮರೆತ ರೈತನಿಗೆ ನಷ್ಟವೇ ಸರಿ. ಅದು ಹೇಗೆಂಬುದನ್ನು ವಿಚಾರ ಮಾಡೋಣ.

ಈ ಗಿಡದ ತೌರು ದಕ್ಷಿಣ ಅಮೆರಿಕ. ಪೋರ್ಚುಗೀಸರ ಮೂಲಕ ನಮ್ಮ ಪಶ್ಚಿಮ ಕರಾವಳಿಗೆ ಬಂದ ಇದನ್ನು, 1880ರಿಂದ 1885ರವರೆಗೆ ತಿರುವಾಂಕೂರನ್ನಾಳಿದ ವಿಶಾಖಂ ತಿರುನಾಳ್ ಮಹಾರಾಜರು ಬಡವರ ಆಹಾರವಾಗಲೆಂದು ಪ್ರೋತ್ಸಾಹಿಸಿದರು. 1942ರಲ್ಲಿ ಬರ್ಮಾದ ಅಕ್ಕಿ ನಿಂತುಹೋದಾಗ ಆ ಸೀಮೆಯ ಅನೇಕ ಕುಟುಂಬಗಳ ಹಸಿವನ್ನು ತಣಿಸಿದ್ದು ಈ ಗೆಡ್ಡೆಯೇ.

ಸಾರವಿಲ್ಲದ ಜಂಬಿಟ್ಟಿಗೆ ಮಣ್ಣಿನಲ್ಲಿ ಇದು ಬದುಕುವ ಬಗೆ ವಿಚಿತ್ರವಾದದ್ದು. ಇದರ ಬೇರುಗಳು ದಪ್ಪ ಹಾಗೂ ವಿರಳ. ಮಣ್ಣಿನಲ್ಲಿರುವ ಒಂದು ಜಾತಿಯ ಸೂಕ್ಷ್ಮ ಶಿಲೀಂಧ್ರವು ಬೇರಿನೊಡನೆ ಕೂಡಿಕೊಂಡು, ರಂಜಕವನ್ನು ಹೀರಿ ಗಿಡಕ್ಕೆ ಒದಗಿಸುತ್ತದೆ. ಪೊಟ್ಯಾಷಿನ ವಿಷಯ ಬೇರೆ. ಗೆಡ್ಡೆಯೊಡನೆ ಅದು ಹೇರಳವಾಗಿ ಹೊಲದಿಂದ ಹೊರಗೆ ಹೋಗುವುದು; ಕಾಂಡ, ಎಲೆಗಳನ್ನೂ ಸಾಗಿಸಿದರೆ ನಷ್ಟ ಮತ್ತೂ ಹೆಚ್ಚು. ಕೆಳಗಿನ ಹಳೆಯ ಎಲೆಗಳ ಅಂಚು ಹಳದಿಯಾಗಿ ಒಣಗುವುದು ಇದರ ಕೊರತೆಯ ಗುರುತು. ಇಂಥ ನೆಲದ ಗೆಡ್ಡೆಯಲ್ಲಿ ಕಹಿಯೂ ವಿಷಾಂಶವೂ ಹೆಚ್ಚುತ್ತವೆ.

ಎರಡನೆಯ ಅಪಾಯ ಮಳೆಯದು. ನೆಟ್ಟ ಮೊದಲ ಮೂರು ತಿಂಗಳು ಗಿಡದ ನೆರಳು ನೆಲವನ್ನು ಮುಚ್ಚದು. ಇಳಿಜಾರಾದರೆ ಮೇಲ್ಮಣ್ಣು ಕೊಚ್ಚಿಹೋಗುವುದು.

1963ರಲ್ಲಿ ತಿರುವನಂತಪುರದಲ್ಲಿ ಗೆಡ್ಡೆ ಬೆಳೆಗಳ ಕೇಂದ್ರ ಸಂಶೋಧನಾಲಯವು ಸ್ಥಾಪಿತವಾಯಿತು. ಹೆಕ್ಟೇರಿಗೆ 12.5 ಟನ್ ಕೊಟ್ಟಿಗೆ ಗೊಬ್ಬರ, 100 ಕಿಲೋ ಸಾರಜನಕ, 50 ಕಿಲೋ ರಂಜಕ, 100 ಕಿಲೋ ಪೊಟ್ಯಾಷ್ ಎಂಬುದು ಕೇರಳದಲ್ಲಿ ಸಾಧಾರಣವಾಗಿ ಹೇಳುವ ಪ್ರಮಾಣ. ಆದರೆ ಹೊಲಗಳೆಲ್ಲ ಒಂದೇ ಅಲ್ಲ. ವರ್ಷವರ್ಷವೂ ರಂಜಕ ಹಾಕಿದಲ್ಲಿ ಅದು ಕೂಡಿಕೊಂಡಿರುವುದುಂಟು. ಮತ್ತೆ ಹಾಕುವುದು ಹಣದ ವ್ಯಯ. ಆದಕಾರಣ ಹೊಲದ ಹತ್ತು ಹದಿನೈದು ಕಡೆಗಳಿಂದ ಮಣ್ಣನ್ನು ತೆಗೆದು, ಬೆರೆಸಿ, ಅರ್ಧ ಕಿಲೋವಿನಷ್ಟನ್ನು ಪರೀಕ್ಷೆಗೆ ಕಳುಹಿಸತಕ್ಕದ್ದು.

ಇಷ್ಟನ್ನು ಹೇಳಿದ ಮಾತ್ರಕ್ಕೆ ರೈತನು ಒಪ್ಪುವನೇ? 1994ರಿಂದ 2003ರವರೆಗೆ ಥಾಯ್ಲೆಂಡ್, ವಿಯೆಟ್ನಾಂ ಮೊದಲಾದ ದೇಶಗಳಲ್ಲಿ ನಡೆದ ಕೆಲಸವು ಇದಕ್ಕೆ ಉತ್ತರ ಕೊಡುತ್ತದೆ. ಅಲ್ಲಿ ತಜ್ಞರು ಉಪದೇಶಕ್ಕೆ ನಿಲ್ಲದೆ, ರೈತರ ಹೊಲಗಳಲ್ಲಿಯೇ ರೈತರಿಂದಲೇ ಪ್ರಯೋಗ ಮಾಡಿಸಿದರು. ಪ್ರತಿಯೊಂದು ತಾಕಿನ ಕೆಳಗೆ ಕಾಲುವೆ ತೋಡಿ, ಮಳೆಗೆ ಕೊಚ್ಚಿಬಂದ ಮಣ್ಣನ್ನು ಹಿಡಿದು ತೂಗಿದರು. ತಮ್ಮ ನೆಲ ಹೋಗುತ್ತಿರುವುದನ್ನು ಕಣ್ಣಾರೆ ಕಂಡ ಮೇಲೆ ಉಪಾಯವನ್ನು ರೈತರೇ ಆರಿಸಿಕೊಂಡರು. ಥಾಯ್ಲೆಂಡಿನವರು ಲಾವಂಚದ ಬೇಲಿಸಾಲನ್ನು ಮೆಚ್ಚಿದರು. ವಿಯೆಟ್ನಾಮಿನವರು ಬೇಲಿಸಾಲಿನೊಡನೆ ಕಡಲೆಕಾಯಿಯ ಮಿಶ್ರಬೆಳೆಯನ್ನೂ ಹಿಡಿದರು.

ಮರಗೆಣಸನ್ನು ಬೆಳೆಯುವವರು ಈ ವರ್ಷ ಹೊಲದ ಒಂದು ಪಟ್ಟಿಯಲ್ಲಾದರೂ ಇದನ್ನು ಮಾಡಿ ನೋಡಲಿ: ಇಳಿಜಾರಿಗೆ ಅಡ್ಡಲಾಗಿ ನೆಡಲಿ, ಎಲೆಯನ್ನು ನೆಲಕ್ಕೇ ಹಿಂದಿರುಗಿಸಲಿ, ಪರೀಕ್ಷೆಯಂತೆ ಗೊಬ್ಬರ ಹಾಕಲಿ. ಅಗೆತದ ದಿನ ಎರಡು ಕಡೆಯ ಗೆಡ್ಡೆಗಳನ್ನೂ ಬೇರೆಬೇರೆಯಾಗಿ ತೂಗಿದರೆ, ಮುಂದಿನ ವರ್ಷ ಏನು ಮಾಡಬೇಕೆಂಬುದು ಅವರಿಗೇ ತಿಳಿಯುವುದು.