ಹೊಸ ಪಿಸ್ತೂಲು ತಡವರಿಸಿದರೆ: ತಪ್ಪು ಕಲ್ಪನೆ ಮತ್ತು ವಾಸ್ತವ

ಡೆಂಕಣಿಕೋಟೆ ಸೀಮೆಗೆ ಕೋವಿ ಹೊಸದಲ್ಲ. ಅಂಚೆಟ್ಟಿ, ತಳಿ, ಜವಳಗಿರಿಯ ಕಾಡಂಚಿನ ಹಳ್ಳಿಗಳಲ್ಲಿ ನಳಿಗೆಯ ಬಾಯಿಂದ ಮದ್ದು ತುಂಬುವ ನಾಡಕೋವಿಯನ್ನು ಕಾಣದ ಹಿರಿಯರಿಲ್ಲ. ಪಿಸ್ತೂಲಿನ ಮಾತು ಬೇರೆ. ಅದು ಅಪರೂಪ, ದುಬಾರಿ. ಪರವಾನಗಿಗಾಗಿ ಕೃಷ್ಣಗಿರಿಯ ಜಿಲ್ಲಾಧಿಕಾರಿ ಕಚೇರಿಗೆ ಅಲೆದು, ಪೊಲೀಸ್ ವಿಚಾರಣೆ ಮುಗಿಸಿಕೊಂಡವರ ಕೈಗೆ ಮಾತ್ರ ಸಿಗುವಂಥದ್ದು.

ನಮ್ಮಲ್ಲಿ 9 ಎಂ.ಎಂ. ಪಿಸ್ತೂಲು ನಿಷೇಧಿತ ಬೋರಿನದು. ಸಾಮಾನ್ಯ ನಾಗರಿಕರಿಗೆ ಹೆಚ್ಚಾಗಿ ದಕ್ಕುವುದು .32 ಬೋರ್. ಸರಕಾರಿ ಆಯುಧ ಕಾರ್ಖಾನೆಯ ‘ಅಶನಿ’ ಆ ಜಾತಿಯದು. ಇಂಥ ಚಿಕ್ಕ ಪಿಸ್ತೂಲು ಹೊಸತರಲ್ಲಿ ಒಮ್ಮೊಮ್ಮೆ ಗುಂಡನ್ನು ಸರಿಯಾಗಿ ಒಳಗೆ ತೆಗೆದುಕೊಳ್ಳದೆ ಸಿಕ್ಕಿಹಾಕಿಕೊಳ್ಳುತ್ತದೆ. ಆಗ ಸಲಹೆಗಳಿಗೆ ಬರವಿಲ್ಲ. ಗೆಳೆಯರು ಒಂದು ಹೇಳಿದರೆ, ಮೊಬೈಲಿನ ವಿಡಿಯೊ ಇನ್ನೊಂದು ಹೇಳುತ್ತದೆ. ಅವುಗಳಲ್ಲಿ ಹಲವು ತಪ್ಪು, ಕೆಲವು ಅಪಾಯಕಾರಿ.

ತಪ್ಪು ಕಲ್ಪನೆ 1: ಐನೂರು ಗುಂಡು ಹಾರಿಸದೆ ಹೊಸ ಪಿಸ್ತೂಲು ಪಳಗುವುದಿಲ್ಲ.

ವಾಸ್ತವ: ಇದು ಅಮೆರಿಕದಿಂದ ಬಂದ ಮಾತು. ಅಲ್ಲಿ ಗುಂಡು ಅಂಗಡಿಯಲ್ಲಿ ಡಬ್ಬಿಗಟ್ಟಲೆ ಸಿಗುತ್ತದೆ. ಇಲ್ಲಿ ಒಂದು ಸಲಕ್ಕೆ ಎಷ್ಟು ಇಟ್ಟುಕೊಳ್ಳಬಹುದು, ವರ್ಷಕ್ಕೆ ಎಷ್ಟು ಕೊಳ್ಳಬಹುದು ಎಂಬುದಕ್ಕೆ ಪರವಾನಗಿಯಲ್ಲೇ ಮಿತಿ ಇರುತ್ತದೆ. ಪಳಗುವುದು ಎಂದರೆ ಸ್ಲೈಡು (ಹಿಂದೆ ಮುಂದೆ ಸರಿಯುವ ಮೇಲ್ಭಾಗ) ಮತ್ತು ಅದು ಓಡುವ ಕಂಬಿಗಳ ನಡುವಿನ ಸಣ್ಣ ಒರಟು ಸವೆಯುವುದು, ಸ್ಪ್ರಿಂಗುಗಳ ಮೊದಲ ಬಿಗಿ ಇಳಿಯುವುದು, ಅಷ್ಟೇ. ಅದರಲ್ಲಿ ಬಹುಪಾಲು ಕೆಲಸಕ್ಕೆ ಗುಂಡೇ ಬೇಕಿಲ್ಲ. ಕಾರ್ಖಾನೆಯಲ್ಲಿ ತುಕ್ಕು ಹಿಡಿಯದಂತೆ ಬಳಿದ ಗಟ್ಟಿ ಗ್ರೀಸನ್ನು ಮೊದಲು ಪೂರ್ತಿ ಒರೆಸಿ ತೆಗೆಯಬೇಕು. ತಳಿ ಕಡೆಯ ಮಾರ್ಗಶಿರದ ಚಳಿಗೆ ಆ ಗ್ರೀಸು ಇನ್ನಷ್ಟು ಗಟ್ಟಿಯಾಗಿ ಸ್ಲೈಡನ್ನು ನಿಧಾನಿಸುತ್ತದೆ. ಆಮೇಲೆ ತೆಳುವಾಗಿ ಎಣ್ಣೆ ಹಚ್ಚಿ, ಪಿಸ್ತೂಲು ಮತ್ತು ಮ್ಯಾಗಜಿನ್ ಎರಡೂ ಖಾಲಿ ಇರುವುದನ್ನು ಕಣ್ಣಾರೆ ಕಂಡು, ಸ್ಲೈಡನ್ನು ಕೈಯಿಂದಲೇ ಹಲವು ಬಾರಿ ಹಿಂದೆ ಮುಂದೆ ಆಡಿಸಿದರೆ ಸಾಕಷ್ಟು ಹದಕ್ಕೆ ಬರುತ್ತದೆ. ಉಳಿದದ್ದು ಪರೀಕ್ಷೆ: ನಾವು ನಿಜವಾಗಿ ಬಳಸುವ ಮ್ಯಾಗಜಿನ್, ನಾವು ಬಳಸುವ ಗುಂಡು ತಡೆಯಿಲ್ಲದೆ ಓಡುತ್ತವೆಯೇ ಎಂಬುದು.

ತಪ್ಪು ಕಲ್ಪನೆ 2: .32 ಎಂದರೆ .32, ಯಾವ ಡಬ್ಬಿ ತಂದರೂ ಒಂದೇ.

ವಾಸ್ತವ: ಒಂದೇ ಅಲ್ಲ. ನಮ್ಮ ಕಾರ್ಖಾನೆಗಳ .32 ರಿವಾಲ್ವರು ಬಳಸುವುದು 1896ರಲ್ಲಿ ಬಂದ .32 ಸ್ಮಿತ್ ಅಂಡ್ ವೆಸನ್ ಲಾಂಗ್ ಕಾಡತೂಸು. ಪಿಸ್ತೂಲಿನದು ಜಾನ್ ಬ್ರೌನಿಂಗ್ ರೂಪಿಸಿ 1899ರಲ್ಲಿ ಬಂದ 7.65 ಎಂ.ಎಂ., ಅಂದರೆ .32 ಎ.ಸಿ.ಪಿ. ಎರಡರ ಉದ್ದ ಬೇರೆ, ಅಂಚು ಬೇರೆ. ಪರವಾನಗಿಯಲ್ಲಿ ಬರೀ ‘.32’ ಎಂದಿದ್ದರೂ ಡಬ್ಬಿಯ ಮೇಲಿನ ಪೂರ್ತಿ ಹೆಸರು ಓದದೆ ಕೊಳ್ಳಬಾರದು.

ಪಿಸ್ತೂಲಿನ ಈ ಕಾಡತೂಸಿಗೆ ಒಂದು ಹುಟ್ಟುಗುಣವಿದೆ. ಅದರ ಬುಡದ ಅಂಚು ಒಡಲಿಗಿಂತ ತುಸು ಅಗಲ. ಮ್ಯಾಗಜಿನ್ ತುಂಬುವಾಗ ಮೇಲಿನ ಕಾಡತೂಸಿನ ಅಂಚು ಕೆಳಗಿನದರ ಅಂಚಿನ ಹಿಂದಕ್ಕೆ ಜಾರಿದರೆ ಎರಡೂ ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತವೆ. ಸ್ಲೈಡು ಎಷ್ಟು ದೂಡಿದರೂ ಮೇಲಿನದು ಹೊರಡುವುದಿಲ್ಲ. ಒಳಟೊಳ್ಳಾದ ಮೊನೆಯ, ಉದ್ದ ಕಡಿಮೆಯ ಗುಂಡುಗಳಲ್ಲಿ ಈ ತೊಂದರೆ ಹೆಚ್ಚು. ಒಂದೊಂದು ಕಾಡತೂಸನ್ನೂ ಕೆಳಗಿನದರ ಅಂಚಿಗಿಂತ ಮುಂದೆ ಕೂರಿಸಿ ತುಂಬಿದರೆ ಅರ್ಧ ತೊಂದರೆ ಅಲ್ಲೇ ತೀರುತ್ತದೆ.

ತಪ್ಪು ಕಲ್ಪನೆ 3: ಗುಂಡು ಸಿಕ್ಕಿಕೊಂಡರೆ ಅದು ಏರುವ ಇಳಿಜಾರನ್ನು ಅರದಿಂದ ಉಜ್ಜಿ ನುಣುಪು ಮಾಡಬೇಕು.

ವಾಸ್ತವ: ಹೊಸ ಪಿಸ್ತೂಲು ಕೆಡುವುದು ಹೆಚ್ಚಾಗಿ ಈ ಸಲಹೆಯಿಂದಲೇ. ಲೋಹವನ್ನು ತೆಗೆಯಬಹುದು, ಮತ್ತೆ ಅಂಟಿಸಲಾಗದು. ಇಳಿಜಾರಿನ ಕೋನ ಕೆಟ್ಟರೆ, ಕಾಡತೂಸಿನ ಬುಡಕ್ಕೆ ಅದು ಕೂರುವ ಗೂಡಿನ, ಅಂದರೆ ಛೇಂಬರಿನ, ಆಸರೆ ತಪ್ಪಿದರೆ, ಹಿತ್ತಾಳೆಯ ಕೋಶ ಅಲ್ಲೇ ಸಿಡಿಯಬಹುದು.

ಅರ ಹಿಡಿಯುವ ಬದಲು ನೋಡಬೇಕಾದದ್ದು ಮ್ಯಾಗಜಿನ್. ಚಿಕ್ಕ ಪಿಸ್ತೂಲಿನ ಸ್ಲೈಡು ಓಡುವ ದೂರ ಕಡಿಮೆ, ಅದರ ಸ್ಪ್ರಿಂಗು ಬಿಗಿ. ಆದ್ದರಿಂದ ಮುಂದಿನ ಗುಂಡನ್ನು ಮೇಲೆತ್ತಲು ಮ್ಯಾಗಜಿನ್ನಿಗೆ ಸಿಗುವ ಕ್ಷಣವೂ ಚಿಕ್ಕದು. ಎಲ್ಲಿ ತಡೆ ಬಂತು ಎಂಬುದೇ ಕಾರಣವನ್ನು ತೋರುತ್ತದೆ:

- ಒಂದು ಮ್ಯಾಗಜಿನ್ ಹಾಕಿದಾಗ ಮಾತ್ರ ತಡೆ: ದೋಷ ಆ ಮ್ಯಾಗಜಿನ್ನಿನದು. ಅದರ ತುಟಿ ಬಾಗಿರಬಹುದು. ಬಣ್ಣದ ಚುಕ್ಕೆಯಿಟ್ಟು ಗುರುತು ಮಾಡಿಕೊಳ್ಳಿ.
- ಮೊದಲ ಗುಂಡಿಗೆ ಮಾತ್ರ ತಡೆ: ಮ್ಯಾಗಜಿನ್ ಪೂರ್ತಿ ಕೂತಿಲ್ಲ, ಇಲ್ಲವೇ ಸ್ಲೈಡನ್ನು ಕೈಯಲ್ಲಿ ಹಿಡಿದೇ ಮುಚ್ಚಿದ್ದೀರಿ.
- ಕೊನೆಯ ಗುಂಡಿಗೆ ಮಾತ್ರ ತಡೆ: ಮ್ಯಾಗಜಿನ್ ಸ್ಪ್ರಿಂಗು ಸೋತಿದೆ, ಅಥವಾ ಗುಂಡನ್ನು ಎತ್ತುವ ತಟ್ಟೆ ಒಳಗೆ ಎಡವುತ್ತಿದೆ.
- ಸ್ಲೈಡು ಮುಚ್ಚಲು ಕೂದಲೆಳೆ ಉಳಿದು ನಿಂತರೆ: ಛೇಂಬರಿನಲ್ಲಿ ಕೊಳೆ, ಹಳೆ ಗ್ರೀಸು, ಅಥವಾ ಕಾಡತೂಸೇ ಊದಿಕೊಂಡಿದೆ, ಇಲ್ಲವೇ ತಗ್ಗಾಗಿದೆ.

ಹೊಸೂರಿನ ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಸುತ್ತ ಕೂದಲೆಳೆಯಷ್ಟೂ ತಪ್ಪದಂತೆ ಲೋಹ ಕೊರೆಯುವ ಕೈಗಳಿಗೆ ಕೊರತೆಯಿಲ್ಲ. ಪರಿಚಯದ ಲೇತ್ ಅಂಗಡಿಗೆ ಕೊಟ್ಟರಾಯಿತು ಎನ್ನಿಸುವುದು ಸಹಜ. ಆದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಬಂದೂಕು ತಯಾರಿಸುವುದಕ್ಕಷ್ಟೇ ಅಲ್ಲ, ರಿಪೇರಿ ಮಾಡುವ ಕಸುಬಿಗೂ ಪರವಾನಗಿ ಬೇಕು. ಕೊಟ್ಟವರಿಗೂ ಇಸಿದುಕೊಂಡವರಿಗೂ ಅಲ್ಲಿ ತೊಂದರೆ ಕಾದಿದೆ.

ತಪ್ಪು ಕಲ್ಪನೆ 4: ಎಣ್ಣೆ ಹೆಚ್ಚಿದ್ದಷ್ಟೂ ಒಳ್ಳೆಯದು.

ವಾಸ್ತವ: ಕಲ್ಲು ಕ್ವಾರಿಗಳ ನಾಡಿನಲ್ಲಿ ಒದ್ದೆ ಎಣ್ಣೆ ಎಂದರೆ ಧೂಳಿಗೆ ಕೊಟ್ಟ ಆಹ್ವಾನ. ಎಣ್ಣೆ ಧೂಳು ಕಲೆತು ಉಜ್ಜುವ ಪೇಸ್ಟಾಗುತ್ತದೆ. ಸ್ಲೈಡು ಓಡುವ ಕಂಬಿಗಳ ಮೇಲೆ ತೆಳುವಾದ ಪದರ ಸಾಕು. ಛೇಂಬರು ಮತ್ತು ಮ್ಯಾಗಜಿನ್ನಿನ ಒಳಗು ಒಣಗಿರಬೇಕು. ಅಲ್ಲಿ ನಿಂತ ಎಣ್ಣೆ ಕಾಡತೂಸಿನ ಬುಡದೊಳಕ್ಕೆ ಇಳಿದು ಅದನ್ನು ಸಾಯಿಸಬಹುದು. ಚರ್ಮದ ಚೀಲದಲ್ಲೇ ತಿಂಗಳುಗಟ್ಟಲೆ ಇಡುವುದೂ ಬೇಡ. ಮಳೆಗಾಲದಲ್ಲಿ ಚರ್ಮ ತೇವ ಹೀರಿ ಉಕ್ಕಿಗೆ ತುಕ್ಕು ಹಿಡಿಸುತ್ತದೆ.

ತಪ್ಪು ಕಲ್ಪನೆ 5: ಸ್ಲೈಡನ್ನು ಮೆಲ್ಲಗೆ ಮುಚ್ಚಬೇಕು, ಹಗುರವಾಗಿ ಹಿಡಿಯಬೇಕು, ಆಗಲೇ ಬಾಳಿಕೆ.

ವಾಸ್ತವ: ಗುಂಡನ್ನು ಒಳಗೆ ಕೂರಿಸುವುದು ಸ್ಪ್ರಿಂಗಿನ ಕೆಲಸ. ಸ್ಲೈಡನ್ನು ಹಿಂದಕ್ಕೆ ಪೂರ್ತಿ ಎಳೆದು ಬಿಟ್ಟುಬಿಡಬೇಕು. ಕೈ ಜತೆಗೆ ಹೋದರೆ ವೇಗ ಕಳೆದು ಗುಂಡು ನಡುದಾರಿಯಲ್ಲಿ ನಿಲ್ಲುತ್ತದೆ. ಹಾರಿಸುವಾಗಲೂ ಅಷ್ಟೇ. ಸ್ಲೈಡು ಹಿಂದೆ ಸರಿಯುವ ಹೊತ್ತಿನಲ್ಲಿ ಪಿಸ್ತೂಲಿನ ಒಡಲು ಅಲುಗದೆ ನಿಂತಿರಬೇಕು. ಮಣಿಕಟ್ಟು ಸಡಿಲಾದರೆ ಒಡಲೂ ಜತೆಯಲ್ಲೇ ಹಿಂದೆ ಹೋಗುತ್ತದೆ, ಸ್ಲೈಡಿನ ಓಟ ಕುಂದುತ್ತದೆ. ಒಬ್ಬರ ಕೈಯಲ್ಲಿ ತಡೆಯುವ ಪಿಸ್ತೂಲು ತರಬೇತುದಾರರ ಕೈಯಲ್ಲಿ ಸಲೀಸಾಗಿ ಓಡಿದರೆ ಕಾರಣ ಅದೇ ಎಂದು ತಿಳಿಯಬೇಕು.

ತಪ್ಪು ಕಲ್ಪನೆ 6: ಸಿಕ್ಕಿಕೊಂಡರೆ ಸ್ಲೈಡನ್ನು ಬಲವಾಗಿ ಜಗ್ಗಿ ತಕ್ಷಣ ಮತ್ತೆ ಹಾರಿಸಬೇಕು.

ವಾಸ್ತವ: ಅಪಘಾತಕ್ಕೆ ಇದು ಹತ್ತಿರದ ದಾರಿ. ಬೆರಳು ಟ್ರಿಗರಿನಿಂದ ಹೊರಗೆ, ನಳಿಗೆ ಗುರಿಯ ದಿಕ್ಕಿಗೇ. ಒತ್ತಿದರೂ ಗುಂಡು ಹಾರದಿದ್ದರೆ ಅರ್ಧ ನಿಮಿಷ ಹಾಗೇ ಹಿಡಿದು ಕಾಯಬೇಕು. ಮದ್ದು ತಡವಾಗಿ ಹೊತ್ತುವುದುಂಟು. ಆಮೇಲೆ ಮೊದಲು ಮ್ಯಾಗಜಿನ್ ತೆಗೆಯಬೇಕು, ನಂತರ ಸ್ಲೈಡು ಎಳೆದು ಛೇಂಬರ್ ಖಾಲಿ ಮಾಡಬೇಕು, ಕಣ್ಣಿಂದ ನೋಡಿ ಖಾತ್ರಿ ಮಾಡಿಕೊಳ್ಳಬೇಕು. ಈ ಕ್ರಮ ತಿರುವುಮುರುವಾದರೆ ಖಾಲಿ ಮಾಡಿದೆವೆಂದು ನಂಬಿದ ಛೇಂಬರಿಗೆ ಮ್ಯಾಗಜಿನ್ನಿನಿಂದ ಇನ್ನೊಂದು ಗುಂಡು ಏರಿ ಕೂತಿರುತ್ತದೆ.

ಎಲ್ಲಕ್ಕಿಂತ ಕೆಟ್ಟದ್ದು, ಎಂದಿನ ಸದ್ದಿನ ಬದಲು ‘ಟುಸ್’ ಎಂದ ಗುಂಡು. ಅದು ನಳಿಗೆಯೊಳಗೇ ಸಿಕ್ಕಿಕೊಂಡಿರಬಹುದು. ಅದರ ಹಿಂದೆ ಇನ್ನೊಂದು ಹಾರಿಸಿದರೆ ನಳಿಗೆ ಸೀಳುತ್ತದೆ. ಅಂದಿನ ಅಭ್ಯಾಸ ಅಲ್ಲಿಗೇ ನಿಲ್ಲಬೇಕು.

ತಪ್ಪು ಕಲ್ಪನೆ 7: ತುಂಬಿಟ್ಟ ಮ್ಯಾಗಜಿನ್ನಿನ ಸ್ಪ್ರಿಂಗು ಸತ್ತುಹೋಗುತ್ತದೆ.

ವಾಸ್ತವ: ಒಳ್ಳೆಯ ಸ್ಪ್ರಿಂಗನ್ನು ದಣಿಸುವುದು ಮುಖ್ಯವಾಗಿ ಒತ್ತಿ ಬಿಡುವ ಆವರ್ತನೆ, ಒತ್ತಿ ಇಟ್ಟ ಕಾಲವಲ್ಲ. ಮನೆಯಲ್ಲಿ ಖಾಲಿ ಇಡಬೇಕಾದ್ದು ಬೇರೆ ಕಾರಣಕ್ಕೆ. ಮಕ್ಕಳಿರುವ ಮನೆಯಲ್ಲಿ ಪಿಸ್ತೂಲು ಖಾಲಿಯಾಗಿ ಬೀಗದೊಳಗೆ, ಗುಂಡು ಇನ್ನೊಂದು ಬೀಗದೊಳಗೆ ಇರಬೇಕು.

ತಪ್ಪು ಕಲ್ಪನೆ 8: ನನ್ನ ಮಾವಿನ ತೋಪು, ನನ್ನ ಪರವಾನಗಿ, ಅಲ್ಲೇ ಹಾರಿಸಿ ಪಳಗಿಸಿದರೆ ಯಾರ ತಂಟೆ?

ವಾಸ್ತವ: ಜನರ ಜೀವಕ್ಕೆ ಅಪಾಯವಾಗುವಂತೆ ಅಜಾಗರೂಕತೆಯಿಂದ ಅಥವಾ ಸಂಭ್ರಮಕ್ಕೆಂದು ಗುಂಡು ಹಾರಿಸಿದರೆ, 2019ರ ತಿದ್ದುಪಡಿಯ ಬಳಿಕ 2 ವರ್ಷದವರೆಗೆ ಸೆರೆ, 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಗುಂಡು ಹೊಲದ ಬದುವಿನ ಬಳಿ ನಿಲ್ಲುವುದಿಲ್ಲ. ಪರೀಕ್ಷೆಗೆ ಇರುವ ಜಾಗ ಪರವಾನಗಿ ಪಡೆದ ಶೂಟಿಂಗ್ ರೇಂಜ್ ಒಂದೇ. ಬೆಂಗಳೂರಿನ ರೇಂಜು ಹತ್ತಿರವೆಂದು ಹೊರಡುವ ಮುನ್ನ ಇನ್ನೊಂದು ಮಾತು ನೆನಪಿರಲಿ. ಅತ್ತಿಬೆಲೆ ಬಂತೆಂದರೆ ಕರ್ನಾಟಕ. ತಮಿಳುನಾಡಿಗೆ ಮಾತ್ರ ಸಲ್ಲುವ ಪರವಾನಗಿ ಅಲ್ಲಿ ಸಲ್ಲದು; ಅದರಲ್ಲಿ ನಮೂದಾದ ವ್ಯಾಪ್ತಿಯನ್ನು ಓದಿಕೊಂಡೇ ಗಡಿ ದಾಟಬೇಕು.

ತಪ್ಪು ಕಲ್ಪನೆ 9: ರಾಗಿ ಹೊಲಕ್ಕೆ ಬರುವ ಆನೆಗೆ ಪಿಸ್ತೂಲಾದರೂ ಇರಲಿ.

ವಾಸ್ತವ: ಬನ್ನೇರುಘಟ್ಟ ಕಡೆಯಿಂದ ಕೊಯ್ಲಿನ ಕಾಲಕ್ಕೆ ಆನೆ ಹಿಂಡು ಇಳಿಯುವುದು ಇಲ್ಲಿನ ನಿತ್ಯದ ಸಂಕಟ. ಆದರೆ .32 ಗುಂಡಿನ ತೂಕ 5 ಗ್ರಾಮಿಗೂ ಕಡಿಮೆ. ಅದು ಆನೆಯನ್ನು ತಡೆಯದು, ಕೆರಳಿಸಬಹುದು. ಆನೆ 1972ರ ವನ್ಯಜೀವಿ ಕಾಯ್ದೆಯ 1ನೇ ಪಟ್ಟಿಯ ಪ್ರಾಣಿ. 2014ರಲ್ಲಿ ಕಾವೇರಿ ಉತ್ತರ ವನ್ಯಧಾಮ, 2022ರಲ್ಲಿ ಕಾವೇರಿ ದಕ್ಷಿಣ ವನ್ಯಧಾಮ ಇದೇ ಕಾಡುಸೀಮೆಯಲ್ಲಿ ಘೋಷಣೆಯಾಗಿವೆ. ಆನೆ ಕಂಡರೆ ಅರಣ್ಯ ಇಲಾಖೆಗೆ ಕರೆ ಮಾಡುವುದೇ ದಾರಿ.

ಹೊಸ ಪಿಸ್ತೂಲು ತಡವರಿಸಿದರೆ ಕೊಳೆ, ಮ್ಯಾಗಜಿನ್, ಗುಂಡು, ಕೈಯ ಹಿಡಿತ ಇವನ್ನು ಇದೇ ಕ್ರಮದಲ್ಲಿ ನೋಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಆದದ್ದನ್ನು ಬರೆದಿಡಿ. ನಾಲ್ಕೂ ಸರಿಯಿದ್ದು ತಡೆ ಮುಂದುವರಿದರೆ, ಬರೆದಿಟ್ಟ ಚೀಟಿಯೊಂದಿಗೆ ಪಿಸ್ತೂಲನ್ನು ಕೊಂಡ ಅಂಗಡಿಗೇ ಒಯ್ದು ಕೊಡಿ. ಕಾರ್ಖಾನೆಗೆ ಕಳಿಸಬೇಕೇ ಎಂಬುದನ್ನು ಅವರಲ್ಲೇ ಕೇಳಿ. ಸರಿಯಾಗಿ ಓಡುತ್ತದೆಂಬ ಖಾತ್ರಿ ಸಿಗುವವರೆಗೆ ಅದನ್ನು ಆತ್ಮರಕ್ಷಣೆಗೆ ನಂಬಬೇಡಿ, ಅರವನ್ನಂತೂ ಮುಟ್ಟಲೇಬೇಡಿ.